ಲೆಕ್ಕಕ್ಕೆ ಸಿಗದ ಚೀಲ

ಕಥೆ, ಕಾದಂಬರಿ, ಕವನಗಳಿಗೆ ವಿಮರ್ಶೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ನಾವು ಹೆಂಗಸರು ವಾರವಾರವೂ ತಪ್ಪದೆ ಓದುವ ಒಂದು ಬರಹಕ್ಕೆ ಇದುವರೆಗೆ ವಿಮರ್ಶಕರು ಸಿಕ್ಕಿಲ್ಲ. ಅದು ದಿನಸಿ ಅಂಗಡಿಯ ಚೀಟಿ. ಬಿ.ಎ. ತರಗತಿಯಲ್ಲಿ ಓದಿದ ಪುಸ್ತಕಗಳ ಹೆಸರು ಈಗ ನನಗೆ ಮರೆತುಹೋಗಿವೆ. ಸಂಸಾರಕ್ಕೆ ಬಿದ್ದ ಮೇಲೆ ಓದಿದ ಚೀಟಿಗಳು ಮಾತ್ರ ಮರೆತಿಲ್ಲ. ಅವುಗಳಲ್ಲಿ ಹಲವು ನಮ್ಮ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ಇನ್ನೂ ಇವೆ. "ಈ ಕಸ ಯಾಕೆ ಇಟ್ಟುಕೊಂಡಿದ್ದೀಯ?" ಎಂದು ನಮ್ಮ ಯಜಮಾನರು ಪ್ರತಿ ದೀಪಾವಳಿಗೂ ಕೇಳುತ್ತಾರೆ. "ನಿಮ್ಮ ಹಳೆಯ ಡೈರಿಗಳ ಪಕ್ಕದಲ್ಲಿ ಇರಲಿ ಬಿಡಿ" ಎಂದು ನಾನೂ ಪ್ರತಿ ದೀಪಾವಳಿಗೂ ಹೇಳುತ್ತೇನೆ.

ಈ ಚಟ ನನಗೆ ಅಮ್ಮನಿಂದ ಬಂದದ್ದು. ಅಮ್ಮ ನಾಲ್ಕನೆಯ ತರಗತಿಯವರೆಗೆ ಓದಿದ್ದಳು. ಆದರೆ ಅವಳ ಲೆಕ್ಕದ ಪುಸ್ತಕ ಯಾವ ಗುಮಾಸ್ತನ ಕಡತಕ್ಕೂ ಕಡಿಮೆಯದಲ್ಲ. ಅವಳು ಬೆಲೆ ಬರೆಯುವುದಕ್ಕೆ ನಾಲ್ಕು ನಿಯಮಗಳಿದ್ದವು. ಅದೇ ಅಂಗಡಿ, ಅದೇ ಸಾಮಾನು, ಅದೇ ಅಳತೆ, ತಿಂಗಳಿನ ಅದೇ ವಾರ. "ಇವತ್ತು ಸೋನಾಮಸೂರಿ ಬರೆದು ನಾಳೆ ದಪ್ಪಕ್ಕಿ ಬರೆದರೆ, ಬೆಲೆ ಇಳಿಯಿತೋ ನಮ್ಮ ಕೈ ಇಳಿಯಿತೋ ಹೇಗೆ ಗೊತ್ತಾಗಬೇಕು?" ಎನ್ನುತ್ತಿದ್ದಳು. ಈ ನಾಲ್ಕು ನಿಯಮಗಳನ್ನು ಇಟ್ಟುಕೊಂಡೇ ನಾನು 2013ರಿಂದ ನನ್ನ ಪುಸ್ತಕ ಬರೆಯುತ್ತಿದ್ದೇನೆ. ನಮ್ಮ ತಾಲ್ಲೂಕು ಕೇಂದ್ರಕ್ಕೆ ಸೂಪರ್ ಮಾರ್ಕೆಟ್ ಬಂದ ಮೇಲೆ ಕೆಲಸ ಸುಲಭವಾಯಿತು. ಶೆಟ್ಟರ ಅಂಗಡಿಯಲ್ಲಿ ಬಾಯಿಂದ ಹೇಳುತ್ತಿದ್ದ ಧಾರಣೆ ಇಲ್ಲಿ ಅಚ್ಚಾಗಿ ಕೈಗೆ ಬರುತ್ತದೆ. ಅಕ್ಕಿ, ತೊಗರಿಬೇಳೆ, ಎಣ್ಣೆ, ಸಕ್ಕರೆ, ಟೀಪುಡಿ, ಹೀಗೆ ಇಪ್ಪತ್ತೆರಡು ಸಾಮಾನುಗಳನ್ನು ತಿಂಗಳಿನ ಮೊದಲನೆಯ ವಾರ ಬರೆದುಕೊಳ್ಳುತ್ತೇನೆ.

ಪುಸ್ತಕದಿಂದ ಆದ ಮೊದಲನೆಯ ಉಪಕಾರವೆಂದರೆ ನನ್ನ ಬಾಯಿ ಸ್ವಲ್ಪ ಕಡಿಮೆಯಾಯಿತು. "ಎಲ್ಲದರ ಬೆಲೆಯೂ ಏರುತ್ತಲೇ ಇದೆ, ಇಳಿದದ್ದು ಎಂದಾದರೂ ಉಂಟೇ?" ಎಂದು ನಾನೂ ಎಲ್ಲರಂತೆ ಗೊಣಗುತ್ತಿದ್ದವಳೇ. 2015ರ ಅಕ್ಟೋಬರಿನಲ್ಲಿ ತೊಗರಿಬೇಳೆ ಕಿಲೋಗೆ ಇನ್ನೂರು ರೂಪಾಯಿಯ ಹತ್ತಿರ ಹೋದದ್ದು ನಿಮಗೂ ನೆನಪಿರಬಹುದು. ಅದೇ ಬೇಳೆ 2018ರಲ್ಲಿ ಎಂಬತ್ತಕ್ಕಿಂತ ಕೆಳಗೆ ಸಿಕ್ಕಿದ್ದು ಮಾತ್ರ ನೆನಪಿರುವುದಿಲ್ಲ. ನನಗೂ ಇರಲಿಲ್ಲ, ಪುಸ್ತಕದಲ್ಲಿತ್ತು. ಬೆಲೆ ಏರಿದ್ದನ್ನು ನೋಡಿ ರೈತರು ಹೆಚ್ಚು ತೊಗರಿ ಬಿತ್ತಿದರು, ಮಳೆಯೂ ಚೆನ್ನಾಯಿತು, 2016-17ರಲ್ಲಿ ಬೆಳೆ ವಿಪರೀತ ಬಂತು. ಆ ವರ್ಷ ಸರ್ಕಾರದ ಬೆಂಬಲ ಬೆಲೆ ಬೋನಸ್ಸೂ ಸೇರಿ ಕ್ವಿಂಟಾಲಿಗೆ 5,050 ರೂಪಾಯಿ ಇತ್ತು. ಮಾರುಕಟ್ಟೆಯಲ್ಲಿ ಅದಕ್ಕಿಂತ ಕಡಿಮೆಗೆ ಮಾರಬೇಕಾಗಿ ಬಂದು ಕಲಬುರಗಿಯ ಕಡೆಯ ರೈತರು ಕಷ್ಟಕ್ಕೆ ಸಿಕ್ಕಿದರು. ನನ್ನ ಪುಸ್ತಕದಲ್ಲಿ ಸಂತೋಷದಿಂದ ಬರೆದುಕೊಂಡ ಆ ಅಂಕಿ ಇನ್ನೊಂದು ಮನೆಯಲ್ಲಿ ನಷ್ಟವಾಗಿತ್ತು.

ಇನ್ನು ಸರ್ಕಾರವೂ ನಮ್ಮ ಅಮ್ಮನಂತೆಯೇ ಒಂದು ಪುಸ್ತಕ ಇಟ್ಟಿದೆ. ಅದರ ಹೆಸರು ಗ್ರಾಹಕ ಬೆಲೆ ಸೂಚ್ಯಂಕ. ತಿಂಗಳ 12ನೇ ತಾರೀಖಿನ ಆಸುಪಾಸಿನಲ್ಲಿ "ಹಣದುಬ್ಬರ ಶೇಕಡಾ ಇಷ್ಟು" ಎಂದು ಪತ್ರಿಕೆಗಳಲ್ಲಿ ಬರುತ್ತದಲ್ಲ, ಅದು ಇದರಿಂದ ಹೊರಡುವ ಸುದ್ದಿ. 2012ನ್ನು ಆಧಾರ ವರ್ಷವಾಗಿ ಇಟ್ಟುಕೊಂಡ ಸರಣಿಯಲ್ಲಿ ದೇಶದ 310 ಪಟ್ಟಣಗಳ 1,114 ಮಾರುಕಟ್ಟೆಗಳಿಂದಲೂ 1,181 ಹಳ್ಳಿಗಳಿಂದಲೂ ಬೆಲೆ ಬರೆದು ತರುತ್ತಿದ್ದರು. ಹಳ್ಳಿಗಳಲ್ಲಿ ಕೆಲವು ವರ್ಷ ಈ ಕೆಲಸವನ್ನು ಅಂಚೆ ಇಲಾಖೆಯವರೇ ಮಾಡಿದರು. ಅವರಿಗೂ ನಿಯಮ ಅದೇ: ಗೊತ್ತಾದ ಅಂಗಡಿ, ಗೊತ್ತಾದ ಸಾಮಾನು, ಗೊತ್ತಾದ ಅಳತೆ, ಗೊತ್ತಾದ ದಿನ. 2026ರ ಫೆಬ್ರವರಿಯಿಂದ 2024ನ್ನು ಆಧಾರ ವರ್ಷವಾಗಿಸಿಕೊಂಡ ಹೊಸ ಸರಣಿ ಬಂದಿದೆ. ಅದರಲ್ಲಿ ದೊಡ್ಡ ನಗರಗಳ ಆನ್‌ಲೈನ್ ಅಂಗಡಿಗಳ ಬೆಲೆಯನ್ನೂ ಸೇರಿಸಿಕೊಂಡಿದ್ದಾರೆ. ಇಷ್ಟು ದೊಡ್ಡ ದೇಶದಲ್ಲಿ ತಿಂಗಳು ತಪ್ಪದೆ ಇಷ್ಟು ಅಂಗಡಿಗಳ ಬೆಲೆ ಬರೆಯುವುದು ಸಾಮಾನ್ಯ ಕೆಲಸವಲ್ಲ. ಸೂಚ್ಯಂಕ ಬರೀ ಸುಳ್ಳು ಎಂದು ಬೈಯುವವರ ಜೊತೆ ನಾನಿಲ್ಲ. ನನ್ನ ತಕರಾರು ಬೇರೆ. ಅದು ಹುಟ್ಟಿದ್ದು ನಮ್ಮ ಶಾಲೆಯ ಅಡುಗೆಮನೆಯಲ್ಲಿ.

2025ರ ನವೆಂಬರಿನ ಮಾತು. ಅಕ್ಟೋಬರ್ ತಿಂಗಳಿನ ಹಣದುಬ್ಬರ ಶೇಕಡಾ 0.25 ಎಂದು ಪತ್ರಿಕೆಯಲ್ಲಿ ಬಂದಿತ್ತು. ಆ ಸರಣಿ ಶುರುವಾದ ಮೇಲೆ ಅಷ್ಟು ಕೆಳಗೆ ಎಂದೂ ಇಳಿದಿರಲಿಲ್ಲ. ಆಹಾರದ ಬೆಲೆಗಳಂತೂ ಹಿಂದಿನ ವರ್ಷಕ್ಕಿಂತ ಶೇಕಡಾ 5ರಷ್ಟು ಕೆಳಗಿದ್ದವು. ನನ್ನ ಪುಸ್ತಕದಲ್ಲೂ ತರಕಾರಿ, ಬೇಳೆ ಇಳಿದಿದ್ದವು, ಎಣ್ಣೆ ಮಾತ್ರ ಏರಿತ್ತು. ಎರಡು ಪುಸ್ತಕಗಳು ತಾಳೆಯಾದವೆಂಬ ಹಿಗ್ಗಿನಲ್ಲಿ ನಾನು ಅಡುಗೆಮನೆಗೆ ಹೋಗಿ ನಮ್ಮ ಬಿಸಿಯೂಟದ ಅಡುಗೆಯಾಕೆಗೆ ಹೇಳಿದೆ: "ನೋಡಮ್ಮ, ಪೇಪರ್‌ನಲ್ಲಿ ಬಂದಿದೆ. ಬೆಲೆ ಎಲ್ಲಾ ಇಳಿದಿದೆಯಂತೆ."

ಆಕೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಯಾವ ಅಂಗಡೀಲಿ ಟೀಚರಮ್ಮ? ಹೇಳಿ, ನಾನೂ ಅಲ್ಲಿಗೇ ಹೋಗ್ತೀನಿ" ಅಂದಳು.

ವ್ಯಂಗ್ಯವಾಗಿ ಹೇಳಿದ್ದಲ್ಲ. ನಿಜವಾಗಿಯೇ ಕೇಳಿದ್ದಳು. "ನೀನು ಬೇಳೆ ಕಿಲೋಗೆ ಎಷ್ಟು ಕೊಟ್ಟು ತರ್ತೀಯ?" ಅಂದೆ. ಆಕೆಗೆ ಗೊತ್ತಿರಲಿಲ್ಲ. ಯಾಕೆಂದರೆ ಆಕೆ ಕಿಲೋ ಲೆಕ್ಕದಲ್ಲಿ ತರುವುದೇ ಇಲ್ಲ. ಸಂಜೆ ಮನೆಗೆ ಹೋಗುವಾಗ "ಇಪ್ಪತ್ತು ರೂಪಾಯಿ ಬೇಳೆ ಕೊಡಿ, ಇಪ್ಪತ್ತು ರೂಪಾಯಿ ಎಣ್ಣೆ ಕೊಡಿ, ಐದು ರೂಪಾಯಿ ಟೀಪುಡಿ ಕೊಡಿ" ಎಂದು ಕೇಳಿ ತರುತ್ತಾಳೆ. ಮೂವತ್ತು ದಿನದ ಸಾಮಾನು ಒಟ್ಟಿಗೆ ತರುವಷ್ಟು ದುಡ್ಡು ಒಟ್ಟಿಗೆ ಕೈಗೆ ಬಂದರೆ ತಾನೇ ಕಿಲೋ ಲೆಕ್ಕ?

ಅವತ್ತು ನನಗೆ ಹೊಳೆದದ್ದು ಇಷ್ಟು. ನನ್ನ ಪುಸ್ತಕದಲ್ಲಿ ಒಂದು ಕಿಲೋ ಎನ್ನುವುದು ಕದಲುವುದಿಲ್ಲ, ರೂಪಾಯಿ ಏರುತ್ತದೆ, ಇಳಿಯುತ್ತದೆ. ಆಕೆಯ ಲೆಕ್ಕದಲ್ಲಿ ಇಪ್ಪತ್ತು ರೂಪಾಯಿ ಕದಲುವುದಿಲ್ಲ, ಪೊಟ್ಟಣದೊಳಗಿನ ಬೇಳೆ ಏರುತ್ತದೆ, ಇಳಿಯುತ್ತದೆ. ಅದನ್ನು ಆಕೆ ಓದುವುದು ಚೀಟಿಯಲ್ಲಲ್ಲ, ಸಾರಿನ ಪಾತ್ರೆಯಲ್ಲಿ. ಹನ್ನೆರಡು ವರ್ಷ ಅಷ್ಟು ಶ್ರದ್ಧೆಯಿಂದ ಬರೆದ ನನ್ನ ಪುಸ್ತಕದಲ್ಲಿ, ದಿನಾ ನನಗೆ ಊಟ ಬಡಿಸುವ ಹೆಂಗಸಿನ ಚೀಲಕ್ಕೆ ಒಂದು ಸಾಲೂ ಇರಲಿಲ್ಲ.

ನನ್ನ ಪುಸ್ತಕದ ತಪ್ಪೇ ದೊಡ್ಡ ಪುಸ್ತಕದಲ್ಲೂ ಉಂಟೇ ಎಂದು ಆಮೇಲೆ ಹುಡುಕಿದೆ. ಸೂಚ್ಯಂಕವೆಂದರೆ ಬರೀ ಬೆಲೆಗಳ ಸರಾಸರಿಯಲ್ಲ. ಯಾವ ಸಾಮಾನಿಗೆ ಜನ ಎಷ್ಟು ಖರ್ಚು ಮಾಡುತ್ತಾರೋ ಅದಕ್ಕೆ ಅಷ್ಟು ತೂಕ ಕೊಡುತ್ತಾರೆ. 2012ರ ಸರಣಿಯಲ್ಲಿ ಆಹಾರ ಮತ್ತು ಪಾನೀಯಗಳಿಗೆ ನೂರರಲ್ಲಿ 45.86ರ ತೂಕವಿತ್ತು. ಹಳ್ಳಿಗಳಿಗೆ 54.18, ಪಟ್ಟಣಗಳಿಗೆ 36.29. ಹೊಸ ಸರಣಿಯಲ್ಲಿ ದೇಶದ ಒಟ್ಟು ತೂಕವೇ ನಲವತ್ತಕ್ಕಿಂತ ಕೆಳಗೆ ಬಂದಿದೆ. ಜನ ಈಗ ಫೋನು, ಪ್ರಯಾಣ, ಔಷಧಿಗಳಿಗೆಲ್ಲ ಹೆಚ್ಚು ಖರ್ಚು ಮಾಡುವುದರಿಂದ ಊಟದ ಪಾಲು ಇಳಿದಿದೆ. ಅದು ಸರಿಯೇ. ಆದರೆ ಈ ತೂಕವನ್ನು ಕಟ್ಟುವ ರೀತಿಯನ್ನು ಗಮನಿಸಿ. ಏಳನೆಯ ತರಗತಿಯ ಮಕ್ಕಳಿಗೆ ನಾನು ಹೇಳಿಕೊಟ್ಟ ಉದಾಹರಣೆಯನ್ನೇ ಇಲ್ಲಿ ಕೊಡುತ್ತೇನೆ.

ಎರಡು ಮನೆಗಳಿವೆ ಎಂದುಕೊಳ್ಳಿ. ಒಂದು ಮನೆ ತಿಂಗಳಿಗೆ 40,000 ರೂಪಾಯಿ ಖರ್ಚು ಮಾಡುತ್ತದೆ, ಅದರಲ್ಲಿ ಊಟಕ್ಕೆ 12,000, ಅಂದರೆ ಶೇಕಡಾ 30. ಇನ್ನೊಂದು ಮನೆ 10,000 ಖರ್ಚು ಮಾಡುತ್ತದೆ, ಅದರಲ್ಲಿ ಊಟಕ್ಕೆ 6,000, ಅಂದರೆ ಶೇಕಡಾ 60. ಎರಡು ಮನೆಗೂ ಸಮಾನ ಗೌರವ ಕೊಟ್ಟು ಸರಾಸರಿ ತೆಗೆದರೆ ಊಟದ ತೂಕ 45. ಆದರೆ ಸೂಚ್ಯಂಕದವರು ಖರ್ಚನ್ನೆಲ್ಲ ಒಟ್ಟಿಗೆ ಸುರಿದು ಲೆಕ್ಕ ಹಾಕುತ್ತಾರೆ. ಒಟ್ಟು 50,000ದಲ್ಲಿ ಊಟಕ್ಕೆ 18,000, ಅಂದರೆ ಶೇಕಡಾ 36. ಹೆಚ್ಚು ಖರ್ಚು ಮಾಡುವ ಮನೆ ಸರಾಸರಿಯನ್ನು ತನ್ನ ಕಡೆಗೆ ಎಳೆದುಕೊಂಡಿತು. ಇದರಲ್ಲಿ ಮೋಸವಿಲ್ಲ. ದೇಶದ ಒಟ್ಟು ಖರ್ಚಿಗೆ ಏನಾಯಿತು ಎಂಬ ಪ್ರಶ್ನೆಗೆ ಇದೇ ಸರಿಯಾದ ಉತ್ತರ. ಆದರೆ ನಮ್ಮ ಅಡುಗೆಯಾಕೆಯ ಮನೆಗೆ ಏನಾಯಿತು ಎಂಬ ಪ್ರಶ್ನೆಗೆ ಇದು ಉತ್ತರವಲ್ಲ. ಆ ಉತ್ತರವನ್ನು ಈ ಪ್ರಶ್ನೆಯ ಕೆಳಗೆ ಬರೆದವಳು ನಾನು.

ಇದೇ ಜಗಳ ಇಂಗ್ಲೆಂಡಿನಲ್ಲೂ ಆಗಿದೆ ಎಂದು ಓದಿದಾಗ ನನಗೆ ಸ್ವಲ್ಪ ಧೈರ್ಯ ಬಂತು. ಅಲ್ಲಿ ಜ್ಯಾಕ್ ಮನ್ರೋ ಎಂಬ ಬರಹಗಾರರಿದ್ದಾರೆ. ತಾವೇ ಬಡತನದಲ್ಲಿದ್ದಾಗ ಕಡಿಮೆ ಖರ್ಚಿನ ಅಡುಗೆಯ ಬಗ್ಗೆ ಬರೆಯಲು ಶುರುಮಾಡಿದವರು. 2022ರ ಜನವರಿಯಲ್ಲಿ ಅವರು ಒಂದು ತಕರಾರು ಎತ್ತಿದರು. ಸರ್ಕಾರ ಹಣದುಬ್ಬರ ಶೇಕಡಾ ಐದೋ ಆರೋ ಎನ್ನುತ್ತದೆ. ಆದರೆ ಸೂಪರ್ ಮಾರ್ಕೆಟ್ಟಿನಲ್ಲಿ ಎಲ್ಲಕ್ಕಿಂತ ಅಗ್ಗದ ಪಾಸ್ತಾ ಒಂದು ವರ್ಷದಲ್ಲಿ 29 ಪೆನ್ಸಿನಿಂದ 70 ಪೆನ್ಸಿಗೆ ಏರಿದೆ, ಅಗ್ಗದ ಸಾಮಾನುಗಳು ಕಪಾಟಿನಿಂದಲೇ ಮಾಯವಾಗುತ್ತಿವೆ ಎಂದರು. ಅಲ್ಲಿಯ ಸಾಂಖ್ಯಿಕ ಕಚೇರಿ ಈ ಮಾತನ್ನು ತಳ್ಳಿಹಾಕಲಿಲ್ಲ. ಸೂಪರ್ ಮಾರ್ಕೆಟ್‌ಗಳ ಜಾಲತಾಣಗಳಿಂದ 30 ನಿತ್ಯದ ಸಾಮಾನುಗಳ ಅತಿ ಅಗ್ಗದ ಬೆಲೆಗಳನ್ನು ಕಂಪ್ಯೂಟರಿನಿಂದ ಸಂಗ್ರಹಿಸಿ ಲೆಕ್ಕ ಹಾಕಿತು.

ಅದೇ ವರ್ಷದ ಮೇ ತಿಂಗಳಿನಲ್ಲಿ ಬಂದ ಮೊದಲನೆಯ ಉತ್ತರ ಮನ್ರೋ ಅವರಿಗೆ ಪೂರ್ತಿ ಅನುಕೂಲವಾಗಿರಲಿಲ್ಲ. ಪಾಸ್ತಾ ಶೇಕಡಾ 50 ಏರಿದ್ದು ನಿಜ. ಆದರೆ ಆಲೂಗೆಡ್ಡೆಯಂಥವು ಇಳಿದಿದ್ದವು. ಎಲ್ಲ ಸೇರಿಸಿದರೆ ಅಗ್ಗದ ಸಾಮಾನುಗಳೂ ಉಳಿದ ಆಹಾರದಷ್ಟೇ ಏರಿದ್ದವು. ಆದರೆ ಕಚೇರಿ ಅಲ್ಲಿಗೆ ಪುಸ್ತಕ ಮುಚ್ಚಲಿಲ್ಲ. 2022ರ ಸೆಪ್ಟೆಂಬರಿನವರೆಗಿನ ಲೆಕ್ಕದಲ್ಲಿ ಅಗ್ಗದ ಸಾಮಾನುಗಳು ವರ್ಷದಲ್ಲಿ ಶೇಕಡಾ 17 ಏರಿದ್ದವು. ಅಡುಗೆ ಎಣ್ಣೆ 65, ಪಾಸ್ತಾ 60, ಚಹಾ 46. ಆಮೇಲೆ 2024ರಲ್ಲಿ ಆಲ್ಬರ್ಟೊ ಕವಾಯೊ ಮತ್ತು ಒಲೆಕ್ಸಿ ಕ್ರಿವ್ತ್ಸೊವ್ ಎಂಬ ಅರ್ಥಶಾಸ್ತ್ರಜ್ಞರು ಹತ್ತು ದೇಶಗಳ ಅಂಗಡಿಗಳ ಬೆಲೆ ಸಂಗ್ರಹಿಸಿ ನೋಡಿದರು. 2020ರಿಂದ 2024ರ ನಡುವೆ ಒಂದೇ ಬಗೆಯ ಸಾಮಾನಿನಲ್ಲಿ ಅಗ್ಗದ ಬ್ರಾಂಡುಗಳು ದುಬಾರಿ ಬ್ರಾಂಡುಗಳಿಗಿಂತ 1.3ರಿಂದ 1.9 ಪಟ್ಟು ವೇಗವಾಗಿ ಏರಿದ್ದವು. ಆ ಹತ್ತು ದೇಶಗಳಲ್ಲಿ ಭಾರತ ಇಲ್ಲ. ಆದ್ದರಿಂದ ಇದನ್ನೇ ತಂದು ನಮ್ಮೂರಿನ ಮೇಲೆ ಹೇರುವುದು ತಪ್ಪು. ಆದರೆ ಪ್ರಶ್ನೆಯನ್ನು ತರಬಹುದಲ್ಲವೇ? ಅಗ್ಗದ ಸಾಮಾನಿಗೆ ಒಂದು ಬೇರೆ ಸಾಲು ಬೇಕು ಎಂದು ಅಲ್ಲಿ ಒಬ್ಬರು ಗಟ್ಟಿಯಾಗಿ ಕೇಳಿದರು, ಕಚೇರಿ ಬರೆಯಿತು.

ನಮ್ಮೂರಿನ ಸೂಪರ್ ಮಾರ್ಕೆಟ್ಟಿನಲ್ಲಿ ನಾನೇ ಕಂಡದ್ದು ಇದು. ಶೆಟ್ಟರ ಅಂಗಡಿಯಲ್ಲಿ ನುಚ್ಚುಬೇಳೆ ಸಿಗುತ್ತಿತ್ತು. ಒಡೆದ ಬೇಳೆ, ಬೆಲೆ ಕಡಿಮೆ, ಸಾರಿಗೆ ಧಾರಾಳವಾಗಿ ಆಗುತ್ತದೆ. ಸೂಪರ್ ಮಾರ್ಕೆಟ್ಟಿನಲ್ಲಿ ನುಚ್ಚುಬೇಳೆಯೂ ಇಲ್ಲ, ನುಚ್ಚಕ್ಕಿಯೂ ಇಲ್ಲ. ಇಲ್ಲದ ಸಾಮಾನಿನ ಬೆಲೆ ಏರುವುದೂ ಇಲ್ಲ, ಚೀಟಿಯಲ್ಲಿ ಬರುವುದೂ ಇಲ್ಲ. ಇನ್ನೊಂದು, ಪೊಟ್ಟಣಗಳ ತೂಕ. ಒಂದು ಬಿಸ್ಕತ್ತಿನ ಪೊಟ್ಟಣ ನನ್ನ ಪುಸ್ತಕದಲ್ಲಿ ವರ್ಷಗಟ್ಟಲೆ ಹತ್ತೇ ರೂಪಾಯಿ. ಒಂದು ದಿನ ಕನ್ನಡಕ ಹಾಕಿಕೊಂಡು ನೋಡಿದರೆ ಗ್ರಾಂ ಕರಗಿತ್ತು. ಸರ್ಕಾರದ ಲೆಕ್ಕದವರು ತೂಕವನ್ನೂ ಹಿಡಿಯುತ್ತಾರೆ. ತಪ್ಪಿದ್ದು ನಾನು, ಅಮ್ಮನ ಮೂರನೆಯ ನಿಯಮ ಮರೆತು. 2021ರಲ್ಲಿ ಮಾಡಿದ ತಿದ್ದುಪಡಿಯಿಂದ ಪೊಟ್ಟಣದ ಮೇಲೆ ಗ್ರಾಮಿಗೆ ಅಥವಾ ಕಿಲೋಗೆ ಎಷ್ಟು ಬೀಳುತ್ತದೆ ಎಂದು ಅಚ್ಚು ಮಾಡಬೇಕೆಂಬ ನಿಯಮ ಬಂದಿದೆ. ದಯವಿಟ್ಟು ಅದನ್ನು ಓದಿ. ಅಕ್ಷರ ಸಾಸಿವೆ ಕಾಳಿನಷ್ಟಿದ್ದರೂ ಆ ಪೊಟ್ಟಣದ ಮೇಲೆ ನಮಗಾಗಿ ಬರೆದ ಮಾತು ಅದೊಂದೇ.

ಇಷ್ಟೆಲ್ಲ ಅಂಕಿಗಳಿಂದ ಯಾರಿಗೆ ಏನಾಗಬೇಕು ಎಂದು ನೀವು ಕೇಳಬಹುದು. ನನಗಂತೂ ಆಗಿದೆ. ಕಾರ್ಮಿಕರ ಬೆಲೆ ಸೂಚ್ಯಂಕ ಎಂಬ ಇನ್ನೊಂದು ಪುಸ್ತಕವಿದೆ. ಅದನ್ನು ನೋಡಿ ಸರ್ಕಾರಿ ನೌಕರರ ತುಟ್ಟಿಭತ್ಯೆ ಏರುತ್ತದೆ. ಬೆಲೆ ಏರಿದಾಗ ತಡವಾಗಿಯಾದರೂ ನನ್ನ ಸಂಬಳ ಅದರ ಹಿಂದೆ ನಡೆಯುತ್ತದೆ. ನಮ್ಮ ಅಡುಗೆಯಾಕೆಗೆ ಬರುವುದು ಸಂಬಳವಲ್ಲ, ಗೌರವಧನ. ಅದಕ್ಕೆ ತುಟ್ಟಿಭತ್ಯೆ ಇಲ್ಲ. ಸರ್ಕಾರಕ್ಕೆ ಮನಸ್ಸು ಬಂದಾಗ, ಇಲ್ಲವೇ ಆ ಹೆಂಗಸರು ಬೆಂಗಳೂರಿಗೆ ಹೋಗಿ ಬಿಸಿಲಲ್ಲಿ ಕೂತಾಗ ಏರುತ್ತದೆ. ಒಂದೇ ಅಡುಗೆಮನೆಯ ಬಾಗಿಲಲ್ಲಿ ನಿಂತ ನಮ್ಮಿಬ್ಬರಲ್ಲಿ ಸೂಚ್ಯಂಕಕ್ಕೆ ಕಾಣುವವಳು ನಾನು ಒಬ್ಬಳೇ.

ಮಕ್ಕಳ ತಟ್ಟೆಯ ಕಥೆಯೂ ಹೀಗೆಯೇ. ಬಿಸಿಯೂಟಕ್ಕೆ ಪ್ರಾಥಮಿಕ ಶಾಲೆಯ ಒಂದು ಮಗುವಿಗೆ ದಿನಕ್ಕೆ 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಎಂದು ನಿಗದಿಯಾಗಿದೆ. ಅಕ್ಕಿ ಬಿಟ್ಟು ಉಳಿದ ಸಾಮಾನಿಗೆ ಕೇಂದ್ರವೂ ರಾಜ್ಯವೂ ಸೇರಿ ಕೊಡುವ ಕನಿಷ್ಠ ದರ 2022ರ ಅಕ್ಟೋಬರಿನಿಂದ 5 ರೂಪಾಯಿ 45 ಪೈಸೆ ಇತ್ತು. 2024ರ ಡಿಸೆಂಬರಿನಲ್ಲಿ 6.19 ಆಯಿತು, 2025ರ ಮೇ 1ರಿಂದ 6.78. ಈ ಏರಿಕೆಗೂ ಒಂದು ಸೂಚ್ಯಂಕವೇ ಆಧಾರ. ಆಗ 20 ರಾಜ್ಯಗಳ 600 ಹಳ್ಳಿಗಳಿಂದ ಬೆಲೆ ಬರೆದು ಕಾರ್ಮಿಕ ಬ್ಯೂರೋ ಅದನ್ನು ಸಿದ್ಧಪಡಿಸುತ್ತಿತ್ತು. ಬೆಲೆ ಪ್ರತಿ ತಿಂಗಳೂ ಬರೆದಿದ್ದಾರೆ. ಆದರೆ ದರ 26 ತಿಂಗಳು ಕದಲಲಿಲ್ಲ.

ಆ 26 ತಿಂಗಳ ನಡುವೆ ಬಂದದ್ದು 2023ರ ಜುಲೈ. ದೇಶದಲ್ಲಿ ತರಕಾರಿ ಬೆಲೆ ಹಿಂದಿನ ವರ್ಷಕ್ಕಿಂತ ಶೇಕಡಾ 37ರಷ್ಟು ಮೇಲಿತ್ತು. ನಮ್ಮೂರಿನ ಸಂತೆಯಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿತ್ತು. ನಮ್ಮ ಶಾಲೆಗೆ ಬೇಳೆ, ಎಣ್ಣೆ ಸಾಮಾನಿನ ರೂಪದಲ್ಲೇ ಬರುತ್ತವೆ. ತರಕಾರಿ ನಾವೇ ಕೊಳ್ಳಬೇಕು. ನೂರು ಮಕ್ಕಳಿಗೆ ದಿನಕ್ಕೆ ಐದು ಕಿಲೋ. "ಟೊಮೆಟೊ ಬಿಟ್ಟು ಹುಣಸೆಹಣ್ಣು ಹಾಕೋಣ, ಮಕ್ಕಳಿಗೆ ಗೊತ್ತಾಗಲಿಕ್ಕಿಲ್ಲ" ಎಂದೆ. "ಗೊತ್ತಾಗ್ತದೆ ಟೀಚರಮ್ಮ. ಹೇಳಲ್ಲ ಅಷ್ಟೆ" ಎಂದಳು ಆಕೆ. ಆ ತಿಂಗಳ ಸಾರಿಗೆ ಹುಣಸೆಹಣ್ಣೇ ಬಿತ್ತು. ನನ್ನ ಪುಸ್ತಕದಲ್ಲಿ ಆ ಜುಲೈ ತಿಂಗಳು "ಟೊಮೆಟೊ: ಕೊಳ್ಳಲಿಲ್ಲ" ಎಂದಿದೆ. ಕೊಳ್ಳದೇ ಇದ್ದದ್ದರಿಂದ ನಮ್ಮ ಮನೆಯ ಒಟ್ಟು ಖರ್ಚು ಆ ತಿಂಗಳು ಹೆಚ್ಚೇನೂ ಕಾಣುವುದಿಲ್ಲ. ಲೆಕ್ಕ ಸರಿಯಾಗಿಯೇ ಇದೆ, ಊಟ ಕಡಿಮೆಯಾಗಿದೆ.

ಆದ್ದರಿಂದ ನನ್ನ ವಿಮರ್ಶೆಯನ್ನು ಹೀಗೆ ಮುಗಿಸುತ್ತೇನೆ. ಸರ್ಕಾರದ ಪುಸ್ತಕ ಚೆನ್ನಾಗಿ ಬರೆದ ಪುಸ್ತಕ. ಆದರೆ ಅದಕ್ಕೆ ಎರಡು ಸೇರ್ಪಡೆ ಬೇಕು. ಕಡಿಮೆ ಖರ್ಚಿನ ಮನೆಗಳ ಚೀಲಕ್ಕೆ, ಅತಿ ಅಗ್ಗದ ಸಾಮಾನಿಗೆ, ಪ್ರತ್ಯೇಕ ಲೆಕ್ಕವೊಂದು ತಿಂಗಳು ತಿಂಗಳು ಹೊರಬರಬೇಕು. ಮತ್ತು ಮಕ್ಕಳ ಊಟದ ದರ, ಅಡುಗೆಯವರ ಗೌರವಧನ ಇವು ನನ್ನ ತುಟ್ಟಿಭತ್ಯೆಯಂತೆ ವರ್ಷಕ್ಕೆ ಎರಡು ಸಲ ತಾವಾಗಿಯೇ ಸೂಚ್ಯಂಕದ ಹಿಂದೆ ನಡೆಯಬೇಕು. ಬೆಲೆ ಬರೆದಿಟ್ಟು ಹಣ ಕೊಡದೆ ಕೂತರೆ ಬರೆದದ್ದಕ್ಕೆ ಅರ್ಥವಿಲ್ಲ.

ನನ್ನ ಪುಸ್ತಕಕ್ಕೂ ಒಂದು ಸೇರ್ಪಡೆ ಮಾಡಿದ್ದೇನೆ. ಆ ನವೆಂಬರಿನ ನಂತರ ಎಡಗಡೆಯ ಪುಟದಲ್ಲಿ ನನ್ನ ಇಪ್ಪತ್ತೆರಡು ಸಾಮಾನು, ಬಲಗಡೆಯ ಪುಟದಲ್ಲಿ ಆಕೆಯ ಏಳು. ತಿಂಗಳಿಗೊಮ್ಮೆ ಆಕೆ ಹಿಂದಿನ ಸಂಜೆ ತಂದ ಪೊಟ್ಟಣಗಳನ್ನು ಬಿಚ್ಚದೆ ಶಾಲೆಗೆ ತರುತ್ತಾಳೆ. ಅಡುಗೆಮನೆಯ ತಕ್ಕಡಿಯಲ್ಲಿ ಇಬ್ಬರೂ ತೂಗುತ್ತೇವೆ. ನಾಲ್ಕು ತಿಂಗಳ ಲೆಕ್ಕದಲ್ಲಿ, ನಾನು ಒಂದು ಲೀಟರಿನ ಪ್ಯಾಕೆಟ್ಟಿನಲ್ಲಿ ತರುವ ಎಣ್ಣೆಗಿಂತ ಆಕೆ ಇಪ್ಪತ್ತು ರೂಪಾಯಿಗೆ ತರುವ ಎಣ್ಣೆ ಪ್ರತಿ ಸಲವೂ ದುಬಾರಿ ಬಿದ್ದಿದೆ. ಇದು ಒಂದೇ ಅಂಗಡಿಯ, ಒಬ್ಬಳೇ ಹೆಂಗಸಿನ ಲೆಕ್ಕ. ಇದರಿಂದ ದೇಶದ ಮಾತು ಹೇಳಲು ಬರುವುದಿಲ್ಲ. ಹತ್ತು ಊರುಗಳಲ್ಲಿ ಹತ್ತು ಮಂದಿ ಹೀಗೆ ಬರೆದರೆ ಏನಾದರೂ ಹೇಳಬಹುದೇನೋ.

ಮೊದಲನೆಯ ತಿಂಗಳು ತೂಗಿ ಬರೆದಾದ ಮೇಲೆ ಆಕೆ ಪುಸ್ತಕವನ್ನು ತಿರುಗಿಸಿ ತನ್ನ ಪುಟವನ್ನು ನೋಡಿದಳು. ಓದಲು ಅಷ್ಟಾಗಿ ಬಾರದು, ಅಂಕಿಗಳು ಗೊತ್ತು. ಬೆರಳಿಟ್ಟು ಏಳೂ ಸಾಲು ಎಣಿಸಿ, "ಉಪ್ಪು ಬಿಟ್ಟುಹೋಗಿದೆ ಟೀಚರಮ್ಮ" ಅಂದಳು. ಎಂಟನೆಯ ಸಾಲು ಬರೆದೆ.